ಬೀಗರ ಊಟಕ್ಕೆ ತೆರಿಗೆ ವಿನಾಯಿತಿ

ನಾನು ಓದಿದ್ದು ಏಳನೆಯ ತರಗತಿ. ಅದೂ ಪೂರ್ತಿ ಅಲ್ಲ. ಆದರೆ ಸಿಂಧನೂರಿನಿಂದ ಸಾಲಗುಂದದವರೆಗೆ ಭತ್ತ ಹೇರಿಕೊಂಡು ಓಡುವ ಟ್ರಾಲಿಗಳಲ್ಲಿ ಯಾವುದನ್ನಾದರೂ ನಿಲ್ಲಿಸಿ ಹಿಂದಿನ ಹಲಗೆ ನೋಡಿರಿ, ನನ್ನ ವೆಲ್ಡಿಂಗ್ ಅಂಗಡಿಯ ಹೆಸರು ಕಾಣುತ್ತದೆ. ಊರಲ್ಲಿ ನನ್ನನ್ನು ಟ್ರಾಲಿ ನಿಂಗಪ್ಪ ಎಂದೇ ಕರೆಯುತ್ತಾರೆ. ನಮ್ಮ ಓಣಿಯಲ್ಲಿ ಆದಾಯ ತೆರಿಗೆ ಕಟ್ಟುವ ಏಕೈಕ ಮನುಷ್ಯನೂ ನಾನೇ. ಈ ಸಂಗತಿಯನ್ನು ನಾನು ತಿಳಿಸದೆ ಬಿಟ್ಟ ಮನೆ ಓಣಿಯಲ್ಲಿಲ್ಲ. ಇಂಥವನಿಗೆ ಮಗಳದೊಂದು ಮದುವೆ ಮಾಡುವುದು ಏನು ದೊಡ್ಡ ಮಾತು?

ಮಗಳು ಕಾವೇರಿಗೆ ಹಟ್ಟಿಯ ಹುಡುಗ ಗೊತ್ತಾದ. ಹುಡುಗನ ತಂದೆ ವಿರುಪಣ್ಣನವರು ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಮಾಡುವವರು. ಮಾತು ಕಡಿಮೆ. ನಿಶ್ಚಯದ ದಿನ ಅವರು ಕೇಳಿದ್ದು ಒಂದೇ.

"ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ಬಂಗಾರದ ಕಲ್ಲು ನಾ ದಿನಾ ನೋಡ್ತೀನಿ. ನಮ್ಮ ಮಂದೀನ ಮರ್ಯಾದೀಲೆ ಕರದು, ಕುಂದರಿಸಿ, ಉಣಿಸ್ರಿ. ಅಷ್ಟ ಸಾಕು."

ಇಷ್ಟು ಸಣ್ಣ ಬೇಡಿಕೆ! ನನಗೆ ನಗು ಬಂತು. ಈಗ ಬರುವುದಿಲ್ಲ.

ಎಲ್ಲ ಕೆಟ್ಟದ್ದು ಮಸ್ಕಿಯಿಂದ ಅಮರೇಶ ಬಂದ ದಿನ. ಅಮರೇಶ ನನ್ನ ಹೆಂಡತಿಯ ತಮ್ಮ. ಮಸ್ಕಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ತಾಲ್ಲೂಕಿನ ಕಾಗದವೆಲ್ಲ ತನ್ನ ಮಷಿನ್ ಮೇಲೆ ಹಾದು ಹೋಗುವುದರಿಂದ ಅದರಲ್ಲಿ ಬರೆದಿದ್ದೆಲ್ಲ ತನಗೆ ಗೊತ್ತು ಎಂಬುದು ಅವನ ದೃಢ ನಂಬಿಕೆ.

"ಮಾಮಾ, ಮದುವಿ ಖರ್ಚಿಗೆ ಟ್ಯಾಕ್ಸಿನ್ಯಾಗ ಒಂದು ಪೈಸಾ ಮಾಫಿ ಇಲ್ಲ. ಆದ್ರ ದಾನಕ್ಕ ಮಾಫಿ ಐತಿ."

"ಅದಕ್ಕ?"

"ಅದಕ್ಕ ಮದುವಿ ಊಟ ಅನಬ್ಯಾಡ್ರಿ. ದಾಸೋಹ ಅನ್ರಿ! ಟ್ರಸ್ಟಿನ ಭವನದಾಗ ಮದುವಿ ಇಡ್ರಿ. ರೊಕ್ಕ ಟ್ರಸ್ಟಿಗೆ ದಾನ ಕೊಡ್ರಿ. ಅವರು ದಾಸೋಹ ಮಾಡ್ತಾರ. ನಿಮ್ಮ ಮಂದಿ ಉಣ್ತಾರ. ರಸೀದಿ ನಿಮ್ಮ ಕಿಸೆದಾಗ!"

ನನ್ನ ತಲೆಯೊಳಗೆ ವೆಲ್ಡಿಂಗ್ ಕಿಡಿ ಹಾರಿತು. ಇಷ್ಟು ವರ್ಷ ಈ ಉಪಾಯ ಯಾರಿಗೂ ಹೊಳೆದಿಲ್ಲವಲ್ಲ! ಯಾಕೆ ಹೊಳೆದಿಲ್ಲ ಎಂದು ನಾನು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹೆಂಡತಿ ಬಸಮ್ಮ ಅಡುಗೆಮನೆಯಿಂದಲೇ ಕೇಳಿದಳು. "ಮಗಳ ಮದುವಿ ಊಟದಾಗ ಟ್ಯಾಕ್ಸ್ ಮಾಫಿ ಹುಡುಕೋ ಗಂಡಸನ್ನ ಇವತ್ತ ನೋಡಿದೆ ನೋಡ್ರಿ. ಲಿಂಗಸೂಗೂರಿನ ಆಡಿಟರ್ ಮೇಡಂನ ಒಂದು ಮಾತು ಕೇಳಬಾರದೇನು?"

"ಟ್ರಾಲಿಗೆ ಅಚ್ಚು ಬೆಸೆಯೋವಾಗ ನಾ ಯಾರನ್ನರ ಕೇಳೀನೇನು?"

"ಇದು ಟ್ರಾಲಿ ಅಲ್ಲ. ಮದುವಿ."

"ನಿನ್ನ ತಮ್ಮನ ಹೇಳ್ಯಾನ!"

"ಅದಕ್ಕ ಅಂಜಿಕಿ ಬಂದೈತಿ!"

ಊರ ಹೊರಗಿನ ಹೆದ್ದಾರಿಯಲ್ಲಿ ಒಂದು ಟ್ರಸ್ಟಿನ ಭವನವಿದೆ. ಅದರ ಕಾರ್ಯದರ್ಶಿ ಪಂಪಯ್ಯನವರು ಹಣೆಯ ತುಂಬ ವಿಭೂತಿ ಧರಿಸಿ, ಬೆಣ್ಣೆಯಂಥ ಮೃದು ದನಿಯಲ್ಲಿ ಷರತ್ತುಗಳನ್ನು ಮಂಡಿಸಿದರು.

"ದಾಸೋಹ ಅಂದಮ್ಯಾಲ ದಾಸೋಹನ ಆಗಬೇಕ್ರಿ ನಿಂಗಪ್ಪಾರ. ಬಂದವರಿಗೆ ಬ್ಯಾಡ ಅನ್ನಂಗಿಲ್ಲ. ಬೀಗರಿಗೆ ಬ್ಯಾರೆ ಪಂಕ್ತಿ ಇಲ್ಲ. ಹೋಳಿಗಿ ಇಲ್ಲ, ಗೋಧಿ ಹುಗ್ಗಿ. ಹೊರಗ ಒಂದು ಬೋರ್ಡ್ ಹಾಕ್ತೀವಿ. ಎಲ್ಲಾ ಸುಸೂತ್ರ ಮುಗಿದ ಮ್ಯಾಲ ದಾನದ ರಸೀದಿ."

ಎಲ್ಲದಕ್ಕೂ ಹೂಂ ಎಂದೆ. ಚೆಕ್ ಹರಿದು ಕೊಟ್ಟೆ. ಒಂದು ಬೋರ್ಡಿನಿಂದ ಏನಾಗುತ್ತದೆ?

ಮದುವೆಯ ದಿನ ಬೆಳಿಗ್ಗೆ ಅಕ್ಷತೆ ಬಿತ್ತು, ತಾಳಿ ಕಟ್ಟಿದ್ದಾಯಿತು, ನನ್ನ ಎದೆ ಹಗುರವಾಯಿತು. "ಬರ್ರಿ ಬೀಗರ, ಊಟಕ್ಕೇಳ್ರಿ" ಎಂದು ಹಟ್ಟಿಯ ಮಂದಿಯನ್ನೆಲ್ಲ ಕರೆದುಕೊಂಡು ಊಟದ ಹಾಲಿಗೆ ಹೋದೆ. ಬಾಗಿಲಲ್ಲೇ ನಿಂತೆ.

ಒಳಗೆ ಎಳ್ಳು ಹಾಕಲು ಜಾಗವಿರಲಿಲ್ಲ! ಭತ್ತದ ನಾಟಿಗೆ ಹೊರಟಿದ್ದ ಹೆಣ್ಣಾಳುಗಳು ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿಕೊಂಡೇ ಕುಳಿತಿದ್ದರು. ಒಬ್ಬ ಕುರಿಗಾರ ಕಂಬಳಿ ಹೊದ್ದು ಹುಗ್ಗಿ ಚಪ್ಪರಿಸುತ್ತಿದ್ದ. ಅವನ ಕುರಿಗಳು ಹೊರಗೆ ನನ್ನ ಚಪ್ಪರದ ಬಾಳೆಗಿಡಕ್ಕೆ ಬಾಯಿ ಹಾಕಿದ್ದವು. ಪಾಮನಕಲ್ಲೂರಿನ ಕಡೆ ಹೋಗುವ ಬಸ್ಸೊಂದು ಪ್ರಯಾಣಿಕರ ಸಮೇತ ನಿಂತಿತ್ತು. ಕಂಡಕ್ಟರ್ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ!

"ಯಾರ್ರೀ ಇವರೆಲ್ಲ?" ಎಂದರು ವಿರುಪಣ್ಣ.

ನಾನು ಬಾಯಿ ತೆರೆಯುವುದರೊಳಗೆ ಅವರು ಹೊರಗೆ ಹೋಗಿ ಬೋರ್ಡ್ ಓದಿದರು. ನಾನೂ ಆಗಲೇ ಮೊದಲ ಸಲ ಓದಿದ್ದು. ಎತ್ತಿನ ಗಾತ್ರದ ಅಕ್ಷರಗಳು. "ಟ್ರಾಲಿ ನಿಂಗಪ್ಪನವರ ಸುಪುತ್ರಿಯ ವಿವಾಹ ನಿಮಿತ್ತ ಮಹಾದಾಸೋಹ. ಹಸಿದವರೆಲ್ಲರಿಗೂ ಸ್ವಾಗತ."

ವಿರುಪಣ್ಣನವರು ನನ್ನ ಕಡೆ ತಿರುಗಿದರು. "ಬೀಗರ, ನಮ್ಮನ್ನ ಹಸಿದವರಂತ ಕರದೀರೇನು?"

ಇಷ್ಟೇ ಹೇಳಿ ಹೋಗಿ ತಮ್ಮ ಕ್ರೂಸರ್ ಗಾಡಿಯಲ್ಲಿ ಕುಳಿತರು. ಅವರ ಮಂದಿಯೂ ಒಬ್ಬೊಬ್ಬರಾಗಿ ಹತ್ತಿದರು. ಡ್ರೈವರ್ ಗಾಡಿ ಚಾಲೂ ಮಾಡಿದ.

ನಾನು ಪಂಪಯ್ಯನವರ ಬಳಿ ಓಡಿದೆ. "ಯಪ್ಪಾ, ಬೀಗರಿಗೆ ಒಂದು ಪಂಕ್ತಿ ಖಾಲಿ ಮಾಡಿಸ್ರಿ!"

"ಪಂಕ್ತಿಭೇದ ಮಾಡಂಗಿಲ್ರಿ."

"ಬೋರ್ಡ್ ಅರ ತಗೀರಿ!"

"ತಗೀತೀನಿ. ದಾನದ ರಸೀದೀನೂ ತಗೀತೀನಿ."

ಅಮರೇಶನನ್ನು ಹುಡುಕಿದೆ. ಮಸ್ಕಿಗೆ ಅರ್ಜೆಂಟ್ ಝೆರಾಕ್ಸ್ ಮಾಡಲು ಹೋಗಿದ್ದಾನಂತೆ! ಬಸಮ್ಮ ನನ್ನನ್ನು ಒಂದು ಸಲ ನೋಡಿದಳು. ಗ್ಯಾಸ್ ವೆಲ್ಡಿಂಗ್ ನಳಿಗೆಯ ಬೆಂಕಿ ಅದಕ್ಕಿಂತ ತಂಪು. ಅಷ್ಟರಲ್ಲಿ ಕಾವೇರಿ, ಹಣೆಗೆ ಬಾಸಿಂಗ ಕಟ್ಟಿಕೊಂಡೇ ಬಾಗಿಲಿಗೆ ಬಂದಳು.

"ಅಪ್ಪಾ, ಅವರು ಉಣ್ಣದ ಹೋದ್ರ ನಾ ಆ ಮನ್ಯಾಗ ಹೆಂಗ ಒಲಿ ಮುಂದ ಕುಂದ್ರಲಿ?"

ರಸೀದಿಯ ಆಸೆ ಅಲ್ಲಿಗೆ ಮುಗಿಯಿತು. "ಬರ್ರಿ, ಬರ್ರಿ, ದಾಸೋಹ ನಡದೈತಿ" ಎಂದು ಕೂಗುತ್ತಿದ್ದವನ ಕೈಯಿಂದ ಮೈಕ್ ಕಿತ್ತುಕೊಂಡೆ.

"ಇದು ದಾಸೋಹ ಅಲ್ಲ! ಟ್ರಾಲಿ ನಿಂಗಪ್ಪನ ಮಗಳ ಮದುವಿ ಊಟ! ಬೀಗರ, ತಪ್ಪಾಗೇತಿ, ಗಾಡಿ ಇಳೀರಿ!"

ಗಾಡಿ ಬಂದ್ ಆಯಿತು. ಆದರೆ ಒಳಗೆ ಇನ್ನೊಂದು ಅನಾಹುತ. ಬಾಯಿಗೆ ಹೊರಟಿದ್ದ ಕೈಗಳೆಲ್ಲ ನಡುದಾರಿಯಲ್ಲಿ ನಿಂತಿದ್ದವು! ನಾಟಿಯವರ ಗುಂಪಿನ ಒಬ್ಬ ಮುದುಕಿ ಕೇಳಿದಳು. "ಯಪ್ಪಾ, ಹಂಗಾರ ನಮ್ಮನ್ನ ಕರದಿಲ್ಲ. ಏಳಬೇಕೇನು?"

ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು. "ಏಳಬ್ಯಾಡಬೇ ಯವ್ವಾ! ಈಗ ಕರದೀನಿ. ಉಣ್ಣು!"

ಕಂಡಕ್ಟರ್ ಇದನ್ನು ತನಗೂ ಹೇಳಿದ್ದು ಎಂದುಕೊಂಡು ಮತ್ತೆ ಅನ್ನ ಹಾಕಿಸಿಕೊಂಡ.

ವಿರುಪಣ್ಣನವರು ಗಾಡಿ ಇಳಿದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ರುಮಾಲು ಸರಿಮಾಡಿಕೊಂಡು ಒಳಗೆ ಬಂದು, "ಆ ಮುದುಕಿ ಬಾಜೂಕ ನಂಗೊಂದು ಎಲಿ ಹಾಕ್ರಿ" ಎಂದರು. ಕುಳಿತರು. ಹುಗ್ಗಿ ಹಾಕಿಸಿಕೊಂಡು ಉಂಡರು. ಮತ್ತೆ ಹಾಕಿಸಿಕೊಂಡರು. ಅವರ ಮಂದಿಯೂ ಸಿಕ್ಕ ಸಿಕ್ಕಲ್ಲಿ ನುಸುಳಿ ಕುಳಿತರು. ಬಸಮ್ಮನೇ ಬಗ್ಗಿ ಬಗ್ಗಿ ತುಪ್ಪ ಬಡಿಸಿದಳು. ನನ್ನ ಜೀವ ಮರಳಿತು.

ಪೂರ್ತಿ ಮರಳುವ ಮೊದಲೇ ಬೀಗರು ಕೈ ತೊಳೆದು ಸೀದಾ ಪಂಪಯ್ಯನವರ ಮೇಜಿಗೆ ಹೋಗಿ, ಟ್ರಸ್ಟಿಗೆಂದು ದಾನ ಕೊಟ್ಟು ರಸೀದಿ ಬರೆಸಿಕೊಂಡರು. ಅದನ್ನು ನನ್ನ ಮೂಗಿನ ಮುಂದೆ ಹಿಡಿದರು.

"ದಾಸೋಹ ಅಂತ ಬೋರ್ಡ್ ಐತಲ್ಲ, ಪುಕ್ಕಟ ಉಂಡು ಹೋಗಬಾರದು."

ಮಗಳ ಮದುವೆಯಲ್ಲಿ ಬೀಗರು ದಾನ ಕೊಟ್ಟು ಉಂಡ ಕೀರ್ತಿ ಈ ಮೂರು ತಾಲ್ಲೂಕುಗಳಲ್ಲಿ ನನ್ನೊಬ್ಬನಿಗೇ ಸಲ್ಲುತ್ತದೆ! ಪಂಪಯ್ಯನವರು ನನಗೂ ಒಂದು ರಸೀದಿ ಕೊಟ್ಟರು. "ಭವನದ ಬಾಡಿಗೆ ಮತ್ತು ಮದುವೆ ಊಟದ ಖರ್ಚು." ಮೈಕಿನಲ್ಲಿ ನಾನೇ ಹೇಳಿದ್ದು, ಅವರು ಬರೆದರು.

ರಿಟರ್ನ್ ತುಂಬುವ ಕಾಲ ಬಂತು. ಸೋಲೊಪ್ಪುವ ಮನುಷ್ಯ ನಾನಲ್ಲ. ರಸೀದಿಯ ಜೊತೆಗೆ ಬೋರ್ಡಿನ ಫೋಟೋ ಹಿಡಿದು ಲಿಂಗಸೂಗೂರಿಗೆ ಹೋದೆ.

ಆಡಿಟರ್ ಮೇಡಂ ನೋಡಿದರು. "ಇದು ಬಾಡಿಗಿ ರಸೀದಿ ಐತ್ರಿ ನಿಂಗಪ್ಪಾರ."

"ಮಂದಿ ಉಂಡಿದ್ದು ಖರೇ ಐತಲ್ರೀ? ಕುರಿಗಾರ ಉಂಡಾನ, ಬಸ್ಸಿನವರು ಉಂಡಾರ. ಫೋಟೋ ನೋಡ್ರಿ!"

"ನೀವು ದಾನದ ರಸೀದಿ ತಂದಿದ್ರೂ ಉಪಯೋಗ ಇರಲಿಲ್ಲ. ನೀವು ಹೊಸಾ ತೆರಿಗಿ ಪದ್ಧತಿಯೊಳಗ ಅದೀರಿ. ಅದರಾಗ ದಾನಕ್ಕ ವಿನಾಯಿತಿ ಇಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ನನ್ನನ್ನ ಕೇಳದ ಹೊಸಾದಕ್ಕ ಹಾಕಿದವರು ಯಾರು?"

"ನೀವ ರೀ. ಹೋದ ವರ್ಷ ಹಳೇದೋ ಹೊಸಾದೋ ಅಂತ ಕೇಳಿದೆ. 'ಹಳೇ ಮಾಲು ನಾ ಮುಟ್ಟಂಗಿಲ್ಲ, ಹೊಸಾದ ಹಾಕ್ರಿ' ಅಂದ್ರಿ."

ಅಂದಿದ್ದೆ. ಟ್ರಾಲಿಯ ಕಬ್ಬಿಣದ ವಿಷಯದಲ್ಲಿ ನಾನು ಹಾಗೇ ಅನ್ನುವುದು.

ಹಿಂದಿನ ಬೆಂಚಿನಿಂದ ಯಾರೋ ಕೆಮ್ಮಿದರು. ತಿರುಗಿದರೆ ವಿರುಪಣ್ಣ! ಅವರ ರಿಟರ್ನ್ ತುಂಬುವುದೂ ಇದೇ ಮೇಡಂ ಅಂತೆ. ಕೈಯಲ್ಲಿ ಅದೇ ರಸೀದಿ.

ಮೇಡಂ ಅದನ್ನು ತೆಗೆದುಕೊಂಡು ತಲೆಯಾಡಿಸಿದರು. "ಇವರು ಹಳೇ ಪದ್ಧತಿಯೊಳಗ ಅದಾರ. ಕೊಟ್ಟಿದ್ದರಾಗ ಅರ್ಧಕ್ಕ ವಿನಾಯಿತಿ ಬರ್ತದ."

ನಾನು ಕಟ್ಟಿದ ಯೋಜನೆ ಎಂದರೆ ಹೀಗಿರಬೇಕು. ಮದುವೆ ನನ್ನದು, ಹುಗ್ಗಿ ನನ್ನದು, ವಿನಾಯಿತಿ ಬೀಗರದು!

ಹೊರಗೆ ಬಂದೆವು. ವಿರುಪಣ್ಣನವರು ನಕ್ಕಿದ್ದನ್ನು ಮೊದಲ ಸಲ ಕಂಡೆ. "ಕಾವೇರಿ ದಿನಾ ನಮ್ಮನ್ನ ಕುಂದರಿಸಿ ಉಣಿಸ್ತಾಳ್ರಿ. ಅಕಿಗೆ ನಿಮ್ಮ ಬುದ್ಧಿ ಬಂದಿಲ್ಲ, ಛಲೋ ಆತು. ಬರ್ರಿ ಬೀಗರ, ಟ್ಯಾಕ್ಸಿನ್ಯಾಗ ಉಳಿದೈತಿ, ಚಾ ಕುಡಿಸ್ತೀನಿ."

ಹೋದೆ. ಕುಡಿದೆ. ಅದು ಯಾವ ಲೆಕ್ಕಕ್ಕೆ ಹೋಗುತ್ತದೆ ಎಂದು ಮಾತ್ರ ಕೇಳಲಿಲ್ಲ.