ಧಕ್ಕಾ ಸ್ಟಾರ್ಟ್ ಲಾರಿಗೆ ಹೆಣ್ಣು ಕೊಡುವುದಿಲ್ಲ

ಬೀದರಿನಲ್ಲಿ ಹಳೆಯ ಲಾರಿಗಳ ಬ್ಯಾಟರಿ, ವೈರಿಂಗ್ ನೋಡುವ ನನಗೆ ನಗುವುದಕ್ಕೆ ಟಿ.ವಿ. ಬೇಕಾಗಿಲ್ಲ. ಲಾರಿ ತಾನಾಗಿ ಕೆಡುವುದು ಅಪರೂಪ. ಲಾರಿಯವರು ರಿಪೇರಿ ಮಾಡಲು ಹೋಗಿ ಕೆಡಿಸುವುದೇ ಹೆಚ್ಚು, ನನ್ನ ಅಂಗಡಿ ನಡೆದಿರುವುದೂ ಅವರ ಈ ಉತ್ಸಾಹದಿಂದಲೇ. ಹೋದ ವರ್ಷ ಖಟಕ ಚಿಂಚೋಳಿಯ ಒಬ್ಬ ಡ್ರೈವರ ಒಂದೇ ಲಾರಿಯಿಂದ ನನ್ನನ್ನು ವಾರಗಟ್ಟಲೆ ನಗಿಸಿದ. ನಡುನಡುವೆ ತಲೆ ಚಚ್ಚಿಕೊಳ್ಳುವ ಹಾಗೂ ಮಾಡಿದ.

ಮಾಮಾ ಬಿದ್ದದ್ದು

ಲಾರಿ ಅವನದೇ, ವಯಸ್ಸಿನಲ್ಲಿ ಅವನಿಗಿಂತ ಹಿರಿದು. ಔರಾದ ಕಡೆಯ ತೊಗರಿ, ಸೋಯಾಬೀನ್ ತುಂಬಿಕೊಂಡು ಭಾಲ್ಕಿಗೆ, ಬೀದರಿಗೆ ಓಡಾಡುತ್ತಿತ್ತು. ಕೀಲಿ ತಿರುವಿದರೆ ‘ಕಟ್’ ಅಂತ ಒಂದು ಸಪ್ಪಳ, ಅಷ್ಟೇ. ಆಮೇಲೆ ಹಿಂದಿನಿಂದ ನಾಲ್ಕು ಮಂದಿ ದಬ್ಬಬೇಕು. ಇಂಥದ್ದಕ್ಕೆ ನಮ್ಮಲ್ಲಿ ಧಕ್ಕಾ ಸ್ಟಾರ್ಟ್ ಗಾಡಿ ಅನ್ನುತ್ತಾರೆ.

ಅವನಿಗೆ ಠಾಣಾ ಕುಶನೂರಿನ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿಯ ಫೋಟೋ ನೋಡಿದಂದಿನಿಂದ ಅವನಿಗೆ ಬೇರೆ ಹೆಣ್ಣು ನೋಡುವ ಮನಸ್ಸೇ ಇರಲಿಲ್ಲ. ಅಡ್ಡ ಬಂದವರು ಹುಡುಗಿಯ ಸೋದರಮಾವ. ಅವರು ಒಮ್ಮೆ ಔರಾದ ಬಸ್ ಸ್ಟ್ಯಾಂಡಿನ ಹತ್ತಿರ ಪಾಪ ಅಂತ ಇದೇ ಲಾರಿಗೆ ಕೈ ಹಚ್ಚಿದ್ದರು. ಲಾರಿ ಚಾಲೂ ಆಗಿ ಮುಂದೆ ಹೋಯಿತು, ಅವರು ಕೆಸರಿನಲ್ಲಿ ಬೋರಲು ಬಿದ್ದರು.

“ಹೊಳ್ಳಿ ಸುದ್ದಾ ನೋಡ್ಲಿಲ್ಲಲ್ಲೋ ನೀ?” ಅಂತ ಈಗ ಸಂಬಂಧದ ಮಾತು ಬಂದಾಗ ಕೇಳಿದರಂತೆ.

“ನಿಂತಿದ್ರ ಮತ್ತ ಬಂದ್ ಬೀಳ್ತಿತ್ರಿ ಮಾಮಾ. ನಿಮಗೇ ಮತ್ತೊಮ್ಮಿ ತ್ರಾಸ್” ಅಂದನಂತೆ ಇವನು.

ಮಾಮಾ ಒಂದು ಷರತ್ತು ಹಾಕಿದರು. “ನಮ್ಮ ಅಂಗಳದಾಗ ಗಾಡಿ ಬಂದ್ ಮಾಡಿ, ಯಾರೂ ಕೈ ಹಚ್ಚಲಾರದ ಚಾಲೂ ಮಾಡಿ ತೋರಸ್ರಿ. ಇಲ್ಲಂದ್ರ ನಮ್ಮ ಹುಡುಗಿ ಜಿಂದಗಿ ಪೂರಾ ಧಕ್ಕಾನೇ ಹೊಡಿಬೇಕಾಗ್ತದ.”

ಡ್ರೈವರ ನನ್ನ ಅಂಗಡಿಗೆ ನಡೆದುಕೊಂಡೇ ಬಂದ. “ಉಸ್ತಾದ್, ನನ್ನ ಲಗ್ನ ಇನ್ನ ನಿಮ್ಮ ಕೈಯಾಗ ಅದರಿ.”

“ಆಗ್ಲಿ, ಗಾಡಿ ತೊಗೊಂಡ್ ಬಾ.”

“ಅಲ್ಲೇ ಚೌಕಿನ್ಯಾಗ ಬಂದ್ ಬಿದ್ದದರಿ. ಜರಾ ನಾಕ ಮಂದಿ ಕೊಡ್ರಿ.”

ಪರೀಕ್ಷೆ

ಮೀಟರು ಹಚ್ಚಿ ನೋಡಿದೆ. ಬ್ಯಾಟರಿ ಗಟ್ಟಿಯಾಗಿತ್ತು, ಆದರೆ ಖಾಲಿ. ಬ್ಯಾಟರಿಗೆ ಕರೆಂಟು ತುಂಬಬೇಕಾದ ಡೈನಮೋ ಮಾತ್ರ ಒಳಗೆ ಸುಟ್ಟು ಹೋಗಿತ್ತು. ದಿನವಿಡೀ ಕೂತು ಅದನ್ನು ಸರಿ ಮಾಡಿದೆ. ಇಂಜಿನ್ ಓಡುವಾಗ ಮೀಟರಿನಲ್ಲಿ ಇಪ್ಪತ್ತೆಂಟು ವೋಲ್ಟ್ ಬಂತು, ನನಗೂ ಸಮಾಧಾನವಾಯಿತು. ಕೈ ತೊಳೆದು ಬಂದು ನೋಡಿದರೆ ಸುಟ್ಟ ವಾಸನೆ. ಡ್ರೈವರ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಬೀಗುತ್ತಾ ನಿಂತಿದ್ದ.

“ಚೆಕ್ ಮಾಡ್ದೆರಿ. ಗಾಡಿ ಚಾಲೂ ಇದ್ದಾಗ ಬ್ಯಾಟರಿ ವೈರ್ ಕಿತ್ತಿ ನೋಡ್ಬೇಕು. ಇಂಜಿನ್ ಬಂದ್ ಬೀಳಲಿಲ್ಲಂದ್ರ ಡೈನಮೋ ಛಲೋ ಅದ ಅಂತ ನಮ್ಮ ಹಳೀ ಡ್ರೈವರ್ ಸಾಹೇಬ್ರು ಹೇಳಿಕೊಟ್ಟಾರ.”

ಡೀಸೆಲ್ ಇಂಜಿನ್ನು ಒಮ್ಮೆ ಚಾಲೂ ಆದರೆ ಬ್ಯಾಟರಿ ಇರಲಿ ಬಿಡಲಿ ಓಡುತ್ತಲೇ ಇರುತ್ತದೆ. ಆದರೆ ಹೀಗೆ ನಡುವೆ ವೈರು ಕಿತ್ತರೆ ಡೈನಮೋ ತಾನೇ ಹುಟ್ಟಿಸಿದ ಕರೆಂಟಿಗೆ ತಾನೇ ಸುಡುತ್ತದೆ. ಇಷ್ಟನ್ನು ಹೇಳುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು.

“ಮೊದಲಿಂದೂ ಹಿಂಗೇ ಚೆಕ್ ಮಾಡಿದ್ದೇನೋ?”

“ವಾರಕ್ಕೊಮ್ಮಿ ತಪ್ಪಲಾರದ ಮಾಡ್ತಿದ್ನಿರಿ ಉಸ್ತಾದ್. ಗಾಡಿ ವಿಷಯದಾಗ ನಾ ಎಂದೂ ಕಾಳಜಿ ಬಿಟ್ಟಿಲ್ಲ.”

ಕೆಂಪು ದೀಪ

ಇನ್ನೊಮ್ಮೆ ಸರಿ ಮಾಡಿ, ಪಾನಾ ಕಸಿದುಕೊಂಡು ಕಳಿಸಿದೆ. ಕೆಲವು ದಿನಕ್ಕೆ ಮತ್ತೆ ಬಂದ. ಚಾರ್ಜಿಂಗ್ ಇಲ್ಲ. ಡೈನಮೋ ಬಿಚ್ಚಿದೆ, ಹೊಸದರ ಹಾಗೆ ಹೊಳೆಯುತ್ತಿತ್ತು. ಬೆಲ್ಟು ಸರಿ, ವೈರು ಸರಿ. ಊಟ ಬಿಟ್ಟು ಹುಡುಕಿದೆ. ಕಡೆಗೆ ಸ್ಟಿಯರಿಂಗ್ ಮುಂದೆ ಕಣ್ಣು ಹಾಯಿಸಿದರೆ ಚಾರ್ಜಿಂಗಿನ ಕೆಂಪು ದೀಪ ಇರಬೇಕಾದಲ್ಲಿ ಬರೀ ತೂತು.

“ಬಲ್ಬ್ ಎಲ್ಲಿ?”

“ಕೀಲಿ ತಿರುವಿದ್ರ ಅದು ಉರಿತಿತ್ರಿ. ಮಾಮಾ ಒಳಗ ಇಣುಕಿ ನೋಡಿ, ಕೆಂಪು ದೀಪ ಅದ, ಗಾಡ್ಯಾಗ ಏನೋ ಬ್ಯಾನಿ ಅದ ಅಂದ್ರ? ಅದಕ್ಕ ತೆಗೆದೆ.”

ಆ ಪುಟ್ಟ ಬಲ್ಬಿನ ಮೂಲಕವೇ ಡೈನಮೋಗೆ ಮೊದಲ ಕರೆಂಟು ಹೋಗಬೇಕು. ಅದಿಲ್ಲದಿದ್ದರೆ ಡೈನಮೋ ನಿದ್ದೆಯಿಂದ ಏಳುವುದೇ ಇಲ್ಲ. ಬೈಯುತ್ತಲೇ ಹೊಸ ಬಲ್ಬು ಹಾಕಿದೆ. ಕೀಲಿ ತಿರುವಿದಾಗ ಕೆಂಪಗೆ ಹತ್ತಿತು, ಇಂಜಿನ್ ಚಾಲೂ ಆದ ಮೇಲೆ ತಾನಾಗಿ ಆರಿತು. ಡೈನಮೋ ಕರೆಂಟು ಕೊಡುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಡ್ರೈವರ ಆರಿದ ದೀಪವನ್ನೇ ನೋಡುತ್ತಾ ಹೇಳಿದ, “ನೀವೂ ಕಡೀಕ ಅದನ್ನ ಆರಿಸೇ ಬಿಟ್ರಿ. ನಾನೂ ಅದನ್ನೇ ಮಾಡಿದ್ನೆಲ್ರಿ, ಸುಮ್ಮನ ಬೈದ್ರಿ.”

ಅವ್ವನ ಔಷಧ

ಹೆಣ್ಣು ನೋಡುವ ಹಿಂದಿನ ದಿನ ಅವನ ಫೋನು. ದೀಪ ಮತ್ತೆ ಹತ್ತಿ ಉರಿಯುತ್ತಿದೆ, ತಾನು ಏನೂ ಮುಟ್ಟಿಲ್ಲ ಅಂತ ಅವ್ವನ ಮೇಲೆ ಆಣೆ ಹಾಕಿದ. ಭಾಲ್ಕಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಖಟಕ ಚಿಂಚೋಳಿ ಮುಟ್ಟಿದೆ. ಬಾನೆಟ್ ಎತ್ತಿದರೆ ಡೈನಮೋ ತಿರುಗಿಸುವ ಬೆಲ್ಟು ಎಣ್ಣೆಯಲ್ಲಿ ಮಿಂದು ಜಾರುತ್ತಿತ್ತು. ಇಂಜಿನ್ನು ಓಡುತ್ತಿತ್ತು, ಡೈನಮೋ ಮಾತ್ರ ತಿರುಗುತ್ತಿರಲಿಲ್ಲ.

ಅವನು ಹಾಕಿದ ಆಣೆ ಖರೇ ಇತ್ತು. ಅವನ ಅವ್ವ ಚಹಾ ತಂದು ಕೊಡುತ್ತಾ ತಾವಾಗಿಯೇ ಹೇಳಿದರು. “ನಿನ್ನಿ ಆ ಪಟ್ಟಿ ಕಿಂಯ್ ಕಿಂಯ್ ಅಂತಿತ್ತಪ್ಪ. ಬೀಗರ ಮನಿ ಮುಂದ ಮಾನ ಹೋಗ್ತದ ಅಂತ ಜರಾ ಕುಸುಬಿ ಎಣ್ಣಿ ಹಾಕಿದೆ. ಬಾಗಲದ ತಿರುಗಣಿಗಿ ಹಾಕಂಗಿಲ್ಲೇನ್? ಈಗ ಸಪ್ಪಳ ನಿಂತದಿಲ್ಲೋ?”

“ನಿಂತದ್ರಿ ಅವ್ವಾ” ಅಂದೆ. “ಜೊತಿಗಿ ಡೈನಮೋನೂ ನಿಂತದ.”

ಅಂಗಳದಲ್ಲಿ

ಹೊಸ ಬೆಲ್ಟು ಹಾಕಿ ಬಿಗಿ ಮಾಡಿದೆ. ಮರುದಿನ ತಾಯಿ, ಮಗ ನನ್ನನ್ನೂ ಕೂರಿಸಿಕೊಂಡೇ ಹೊರಟರು. ಠಾಣಾ ಕುಶನೂರಿನ ಅಂಗಳ ಅಂಗೈಯಷ್ಟು ಸಪಾಟು. ಉರುಳಿಸಿ ಚಾಲೂ ಮಾಡಲು ಒಂದಿಷ್ಟೂ ಇಳಿಜಾರಿಲ್ಲ. ಅದನ್ನು ನೋಡಿದ್ದೇ ಡ್ರೈವರನ ಜೀವ ಬಾಯಿಗೆ ಬಂತು. ಇಂಜಿನ್ ಬಂದ್ ಮಾಡದೆ ಹಾಗೇ ಸೀಟಿನಲ್ಲಿ ಕೂತುಬಿಟ್ಟ.

ಮನೆಯವರು ಕರೆದರು, ಇಳಿಯಲಿಲ್ಲ. ಅವನ ಪಾಲಿನ ಚುಡುವಾ, ಚಹಾ ಲಾರಿಗೇ ಹೋಯಿತು. ಆ ಗಡಗಡ ಸಪ್ಪಳದಲ್ಲಿ ಎರಡು ಮನೆತನದವರು ಕುಶಲ ಕೇಳುವುದು ದೂರದಿಂದ ನೋಡಿದವರಿಗೆ ಜಗಳದಂತೆಯೇ ಕಾಣಬೇಕು. ಹುಡುಗಿ ಬಂದಳು. ಇವನು ಮೇಲಿನಿಂದ ಏನೋ ಅಂದ. ಅವನ ತುಟಿ ಅಲುಗಿದ್ದಷ್ಟೇ ಕಂಡಿತು.

ಅವಳು ಮನೆಯ ಟ್ರ್ಯಾಕ್ಟರ್ ಓಡಿಸುವ ಹುಡುಗಿ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಲಾರಿಯ ಮೆಟ್ಟಿಲು ಹತ್ತಿ, ಕಿಟಕಿಯಿಂದ ಕೈ ಹಾಕಿ, ಇಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದುಬಿಟ್ಟಳು.

ಅಂಗಳ ಒಮ್ಮೆಗೇ ಸ್ತಬ್ಧವಾಯಿತು.

“ಈಗ ಚಾಲೂ ಮಾಡ್ರಿ” ಅಂದಳು.

ಡ್ರೈವರ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ನಿಜ ಹೇಳಬೇಕೆಂದರೆ ಆ ಹುಡುಗನ ಲಗ್ನದ ಮೇಲೆ ನನಗೂ ಆಸೆ ಹುಟ್ಟಿತ್ತು. ಅವನು ಕಣ್ಣು ಮುಚ್ಚಿ ಕೀಲಿ ತಿರುವಿದ. ಅರ್ಧ ತಿರುವುವಷ್ಟರಲ್ಲೇ ಇಂಜಿನ್ನು ಗುಡುಗಿತು. ಅವನ ಅವ್ವ ಎರಡೂ ಕೈ ಎತ್ತಿ ಮುಗಿದರು.

ಮಾಮಾ ಲಾರಿಯನ್ನು ಒಂದು ಸುತ್ತು ಹಾಕಿದರು. ಹಿಂದೆ ಯಾರಾದರೂ ಅಡಗಿ ದಬ್ಬಿದರೇನೋ ಅಂತ ಬಗ್ಗಿ ನೋಡಿ, ನನ್ನ ಹತ್ತಿರ ಬಂದು ಒದರಿದರು. “ರಿಪೇರಿ ಮಾಡಿದವರು ನೀವೇ ಏನ್ರಿ?”

ಹೂಂ ಅಂದೆ. ನನ್ನನ್ನು ಮೇಲಿಂದ ಕೆಳಗೆ ಅಳೆದರು. “ಕೆಲಸ ಪಸಂದ್ ಬಂತು. ನಿಮ್ಮದು ಲಗ್ನ ಆಗ್ಯದೇನ್ರಿ?”

ಈ ವಯಸ್ಸಿನಲ್ಲಿ ಇಂಥ ಪ್ರಶ್ನೆ ಯಾರು ಕೇಳುತ್ತಾರೆ? ಉತ್ತರ ಕೊಡಲು ಸ್ವಲ್ಪ ತಡ ಮಾಡಿದೆ, ಬೇಕೆಂದೇ.

ಅಷ್ಟರಲ್ಲಿ ಲಾರಿ ಗಪ್ಪನೆ ಬಂದ್ ಆಯಿತು. ಈ ಸಲ ಗುಂಡಿ ಎಳೆದವನು ಡ್ರೈವರನೇ. ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ, ಇಡೀ ಓಣಿಗೆ ಕೇಳುವ ಹಾಗೆ ಹೇಳಿದ. “ಅವರದು ಆಗ್ಯದರಿ ಮಾಮಾ. ಮೂರು ಮಕ್ಕಳವ. ದೊಡ್ಡಾಕಿ ಕಾಲೇಜಿಗೆ ಹೋಗ್ತಾಳ. ನಂದೇ ಆಗಿಲ್ರಿ.”

ಎಲ್ಲರೂ ನಕ್ಕರು. ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕು, ಮಾಮಾನ ಕಡೆ ತಿರುಗಿದಳು.

“ಗಾಡಿ ಈ ಸಲ ಅಂಜಲಾರದ ತಾವೇ ಬಂದ್ ಮಾಡಿದ್ರು, ದನಿನೂ ಕೇಳ್ತು. ನಂದು ಹೂಂ ಅಂತ ಹೇಳ್ರಿ ಮಾಮಾ.”