ವೈನಿ ಕೆಮ್ಮಿದ ದಿನ

ದವಾಖಾನಿಗೆ ಹೋದ ರೋಗಿ ಸುಮ್ಮನಿರುತ್ತಾರೆ, ಜೋಡಿ ಹೋದವರ ಕೈಕಾಲು ಬೀಳುತ್ತವೆ. ನಮ್ಮ ಮನೆತನದಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ನನ್ನನ್ನು ಬಿಟ್ಟು ಹೇಳುತ್ತಿದ್ದೇನೆ. ನಾನು ಮುಲ್ಕಿ ಪರೀಕ್ಷೆ ಪಾಸಾದವನು. ರಾಜೂರ ಗರಡಿಯಲ್ಲಿ ನನ್ನ ಬೆನ್ನಿಗೆ ಮಣ್ಣು ಹಚ್ಚುವವನು ಇನ್ನೂ ಹುಟ್ಟಿಲ್ಲ. ಗಜೇಂದ್ರಗಡದ ಸಂತೆಯಲ್ಲಿ ನಾನು ನಡೆದರೆ ಮಂದಿ ತಾವಾಗಿ ದಾರಿ ಬಿಡುತ್ತಾರೆ. ಹಿಂದೆ ನಮ್ಮ ಹಾಯುವ ಎತ್ತು ಬರುತ್ತಿರುತ್ತದೆ, ಅದಕ್ಕೇ ಬಿಡುತ್ತಾರೆ ಎಂದು ಕೆಲವರು ಹೇಳುವುದುಂಟು. ಅವರಿಗೆ ಹೊಟ್ಟೆಕಿಚ್ಚು.

ಜೋಳದ ಕಾಳು

ನಮ್ಮಣ್ಣನ ಹೆಂಡತಿ, ಅಂದರೆ ನಮ್ಮ ವೈನಿಗೆ, ಮುಟ್ಟಲ್ಲದ ದಿನವೂ ರಕ್ತ ಹೋಗುತ್ತಿತ್ತು. ಇಂಥದನ್ನು ಗಂಡಸು ಬರೆಯಬಾರದಂತೆ. ಯಾಕೆ ಬರೆಯಬಾರದು? ಕರೆದುಕೊಂಡು ಹೋದವನು ನಾನು. ರೋಣದ ದವಾಖಾನಿಯ ಡಾಕ್ಟರಬಾಯಿ ನೋಡಿ, ಗರ್ಭಕೋಶದ ಬಾಯಿಯ ಮೇಲೆ ಹುಣ್ಣಿನಂಥದು ಕಾಣುತ್ತದೆ, ಅಲ್ಲಿಂದ ಜೋಳದ ಕಾಳಿನಷ್ಟು ಚೂರು ತೆಗೆದು ತಪಾಸಕ್ಕೆ ಹುಬ್ಬಳ್ಳಿಗೆ ಕಳಿಸಬೇಕು, ಕೆಟ್ಟ ರೋಗವಿದ್ದರೆ ಈಗಲೇ ಗೊತ್ತಾಗಲಿ, ಗುರುವಾರ ಬರ್ರಿ ಎಂದರು.

ಈ ಮಾತು ನಮ್ಮ ಅಂಗಳ ದಾಟಿತು. ಬಾವಿಯ ಹತ್ತಿರ ಹೋಗುವಷ್ಟರಲ್ಲಿ ಜೋಳದ ಕಾಳು ಶೇಂಗಾ ಆಗಿತ್ತು, ಊರಬಾಗಿಲ ಅಗಸಿ ದಾಟುವಾಗ ಬದನೆಕಾಯಿ. ವೈನಿಯ ತವರು ನರಗುಂದದ ಕಡೆಯ ಶಿರೋಳ. ಅಲ್ಲಿಂದ ಆಕೆಯ ತಾಯಿ ಓಡಿ ಬಂದು ಮಗಳ ಕೊರಳಿಗೆ ಬಿದ್ದು, ಕುಂಬಳಕಾಯಿಯಷ್ಟು ಕೊಯ್ದು ತೆಗೆದರೆ ನನ್ನ ಮಗಳಲ್ಲಿ ಉಳಿಯುವುದೇನು ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು.

ವೈನಿ ಸೆರಗಿನಿಂದ ತಾಯಿಯ ಕಣ್ಣು ಒರೆಸಿದಳು. "ರೋಣದಾಗ ಜ್ವಾಳದ ಕಾಳಷ್ಟ ಇತ್ತಬೇ. ಹಾದ್ಯಾಗ ಯಾರ ನೀರ ಹಾಯ್ಸಿದ್ರೋ ಏನೋ."

ನಾನು ಧೈರ್ಯ ಹೇಳಿದ್ದು

ಗುರುವಾರ ಬೆಳಗಾದದ್ದೇ ನಮ್ಮಣ್ಣನಿಗೆ ಎತ್ತಿನ ಲಾಳ ನೆನಪಾಯಿತು. ಇವತ್ತೇ ಕಟ್ಟಿಸದಿದ್ದರೆ ಎತ್ತು ಕುಂಟುತ್ತದಂತೆ. ನೀ ಪೈಲ್ವಾನ ಅದಿ, ನೀನ ಹೋಗು ಎಂದ. ಎತ್ತು ಮಾತ್ರ ನಾಲ್ಕೂ ಕಾಲ ಮೇಲೆ ನೆಟ್ಟಗೆ ನಿಂತಿತ್ತು. ಅಪ್ಪ ರುಮಾಲು ಸುತ್ತಿಕೊಂಡು ನಮ್ಮ ಜೋಡಿ ಹೊರಟ.

ಬಸ್ಸಿನಲ್ಲಿ ವೈನಿ ಅಪ್ಪನಿಗೆ ಕೇಳದಂತೆ ನನಗೆ ಅಂದಳು: "ತಮ್ಮಾ, ಆ ಕೆಟ್ಟ ರೋಗನ ಇದ್ರ ಹ್ಯಾಂಗೋ? ಸಣ್ಣಾಕಿ ಇನ್ನಾ ಮೊಲಿ ಬಿಟ್ಟಿಲ್ಲ."

ನನಗೂ ಹೆದರಿಕೆ ಬಂತು. ಆದರೆ ನಾನು ಅಂಥದನ್ನು ತೋರಿಸುವವನಲ್ಲ. ನೋವೆಂದರೆ ಏನೂ ಅಲ್ಲ, ಮನಸ್ಸು ಗಟ್ಟಿ ಬೇಕು, ಕುಸ್ತಿಯಲ್ಲಿ ನನ್ನ ಭುಜ ಕಳಚಿದಾಗ ನಾನು ಕೂದಲೂ ಅಲುಗಿಸಲಿಲ್ಲ ಎಂದು ಶುರು ಮಾಡಿ ಕೋಟುಮಚಗಿಯವರೆಗೂ ಕೇಳುವಂತೆ ಹೇಳಿದೆ. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು.

ವೈನಿ ಕಡೆಯವರೆಗೂ ಕೇಳಿಸಿಕೊಂಡಳು. "ಹೌದಪಾ. ಹ್ವಾದ ವರ್ಸ ನಿನ್ನ ಕಾಲಾಗಿನ ಜಾಲಿಮುಳ್ಳ ತಗದಾಕಿ ನಾನ. ಅವತ್ತ ನೀ ಒದರಿದ್ದಕ್ಕ ಬಾಜೂ ಮನಿ ಎಮ್ಮಿ ಹೆದರಿ ಹಾಲ ಏರಿಸ್ಕೊಂತು."

ಇಕ್ಕಳ

ಡಾಕ್ಟರಬಾಯಿ ಭಾಳ ತಿಳಿವಳಿಕೆಯವರು. ಮೊದಲು ನೋವಿನ ಗುಳಿಗೆ ನುಂಗಿಸಿದರು. ಉಸಿರು ಸಾವಕಾಶ ಬಿಡು, ಒಂದು ಚಿವುಟಿದಂತಾಗುತ್ತದೆ, ಆಮೇಲೆ ಹೊಟ್ಟೆಗೆ ಬಿಸಿನೀರಿನ ಚೀಲ ಇಡುತ್ತೇನೆ ಎಂದು ಒಂದೊಂದನ್ನೇ ಬಿಡಿಸಿ ಹೇಳಿದರು. ವೈನಿಯ ಮುಖ ಸ್ವಲ್ಪ ಸಡಿಲಾಯಿತು. ನಾನು ಸುಮ್ಮನಿರಬೇಕಾಗಿತ್ತು. ಕಲಿತವನು ನೋಡಿ, ಹತಾರ ಯಾವುದು ತೋರಿಸ್ರಿ ಎಂದೆ. ನರ್ಸಬಾಯಿ ತಂದು ತೋರಿಸಿದಳು. ಉದ್ದ ಹಿಡಿ, ತುದಿಯಲ್ಲಿ ಸಣ್ಣ ಹಲ್ಲಿನ ಬಾಯಿ.

ನಾನು ಬೀಳಲಿಲ್ಲ. ನೆಲ ತಂಪಾಗಿತ್ತು, ಕೂತೆ. ಕೂತಮೇಲೆ ತಲೆಯೂ ಒಂದಿಷ್ಟು ಕೆಳಗೆ ಬಂತು, ಅಷ್ಟೇ. ಕಣ್ಣು ಬಿಟ್ಟಾಗ ವೈನಿ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು. ನರ್ಸಬಾಯಿ ಡಾಕ್ಟರಬಾಯಿಯನ್ನು ಕೇಳಿದಳು: "ಬಾಯಾರ, ಇಬ್ಬರಾಗ ಯಾರನ್ನ ಮಲಗಸೂಣ್ರಿ?"

ಕೆಮ್ಮು

ಹುಬ್ಬಳ್ಳಿಯಿಂದ ಕೆಟ್ಟದ್ದೇನೂ ಇಲ್ಲ, ಬರೇ ಬಾವು, ಔಷಧಕ್ಕೆ ಹೋಗುತ್ತದೆ ಎಂದು ಉತ್ತರ ಬಂತು. ಹಾಗೆ ಬಂದದ್ದಕ್ಕೇ ಇದನ್ನು ನಗುತ್ತ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಲೇಖಣಿಯ ಟಾಕು ಮುಟ್ಟುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದು ಯಾರಿಗೆ ಗೊತ್ತಿತ್ತು?

ನಮ್ಮ ಮನೆಯ ಪದ್ಧತಿ ಹೀಗೆ: ಅಪ್ಪ ಒಳಗೆ ಬರುವ ಮೊದಲು ಹೊಸ್ತಿಲಲ್ಲಿ ಕೆಮ್ಮುತ್ತಾನೆ. ಕೆಮ್ಮು ಕೇಳಿದ್ದೇ ಸೊಸೆ ತಲೆಯ ಮೇಲೆ ಸೆರಗೆಳೆದು ಎದ್ದು ನಿಲ್ಲಬೇಕು. ಮಾವನಿಗೆ ಕೇಳುವಂತೆ ಸೊಸೆ ಕೆಮ್ಮುವಂತಿಲ್ಲ. ವೈನಿ ಕೆಮ್ಮು ಬಂದರೆ ದನ ಕಟ್ಟುವ ಹಕ್ಕಿಗೆ ಓಡುತ್ತಿದ್ದಳು.

ನನ್ನನ್ನು ಹೊರಗೆ ಕಳಿಸಿದ ಮೇಲೆ, ದವಾಖಾನಿಯ ಪಡಸಾಲೆಯಲ್ಲಿ, ಬಾಗಿಲ ಪರದೆಯ ಈಚೆಗೆ, ನಾನೂ ಅಪ್ಪನೂ ಬಾಕಿನ ಮೇಲೆ ಕೂತಿದ್ದೆವು. ಅಪ್ಪ ನಶ್ಯ ಏರಿಸಿ ಒಂದು ಕೆಮ್ಮು ಕೆಮ್ಮಿದ. ಒಳಗೆ ಧಡಕ್ಕನೆ ಸಪ್ಪಳ. ಮೇಜಿನ ಮೇಲೆ ಮಲಗಿದ್ದ ವೈನಿ ಸೆರಗು ಹೊದ್ದು ಮೂಲೆಗೆ ನಿಂತಿದ್ದಳಂತೆ. ಮತ್ತೆ ಮಲಗಿಸಿದರು. ಅಪ್ಪ ಮತ್ತೆ ಕೆಮ್ಮಿದ. ವೈನಿ ಮತ್ತೆ ಮೂಲೆಗೆ.

ಡಾಕ್ಟರಬಾಯಿ ಪರದೆ ಸರಿಸಿ ಹೊರಗೆ ಬಂದರು. "ಯಜಮಾನ್ರ, ಇಲ್ಲಿ ಕೆಮ್ಮಬೇಕಾದವರು ನೀವಲ್ಲ, ಆಕಿ." ಚಿವುಟುವ ಹೊತ್ತಿಗೆ ಜೋರಾಗಿ ಕೆಮ್ಮಿದರೆ ಲಕ್ಷ್ಯ ಗಂಟಲಿಗೆ ಹೋಗಿ ನೋವು ಅಷ್ಟು ತಾಗುವುದಿಲ್ಲ, ಬಿಗಿಹಿಡಿದು ಅಲುಗಿದರೆ ಚೂರು ಸರಿಯಾಗಿ ಬರುವುದಿಲ್ಲ, ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಎಂದರು.

ಒಳಗಿನಿಂದ ವೈನಿಯ ಸಣ್ಣ ದನಿ ಬಂತು. "ಮಾವಾರು ಹೊರಗ ಅದಾರ್ರಿ. ನಾ ಕೆಮ್ಮೂದಿಲ್ಲ. ಹಂಗ ತಗೀರಿ, ತಡಕೋತೀನಿ."

ಅಪ್ಪ ನಶ್ಯದ ಡಬ್ಬಿ ಮುಚ್ಚಿದ. ಊರಲ್ಲಿ ಯಾರ ಮುಂದೆಯೂ ಎದ್ದವನಲ್ಲ, ಮಾಮಲೇದಾರ ಬಂದಾಗಲೂ ಮೊಣಕಾಲು ನೋವೆಂದು ಕೂತೇ ಮಾತಾಡಿಸಿದವನು. ಅಂಥವನು ಎದ್ದು ಪರದೆಯ ಕಡೆ ಮುಖ ಮಾಡಿ ನಿಂತ.

"ಕೆಮ್ಮ ನಮ್ಮವ್ವ," ಎಂದ. "ನಾ ಎದ್ದ ನಿಂತೀನಿ. ನೀ ಕೆಮ್ಮು."

ಆಮೇಲೆ ಕೆಮ್ಮು ಬಂತು. ಅಂಥ ಕೆಮ್ಮನ್ನು ನಾನು ಗರಡಿಯಲ್ಲೂ ಕೇಳಿಲ್ಲ. ತಗಡಿನ ಮೇಲಿನ ಪಾರಿವಾಳ ಹಾರಿದವು, ಚೀಟಿ ಹಿಡಿದು ನಿಂತವರು ಚೀಟಿ ಕೆಳಗೆ ಬಿಟ್ಟರು. ಮುಗೀತವ್ವ, ಚೂರು ಬಂತು, ಸಾಕು ಎಂದು ಡಾಕ್ಟರಬಾಯಿ ಹೇಳುತ್ತಲೇ ಇದ್ದರು. ಕೆಮ್ಮು ನಿಲ್ಲಲೊಲ್ಲದು. ಅಪ್ಪ ಕೂಡುವಂತಿಲ್ಲ.

ಕಡೆಗೆ ಉಸಿರು ತಗೊಳ್ಳುವ ಸಂದಿನಲ್ಲಿ ವೈನಿ ಅಂದಳು: "ಇರ್ರಿ ಬಾಯಾರ. ಲಗ್ನ ಆದಾಗಿಂದ ಕೂಡಿಟ್ಟದ್ದೈತಿ."