ನಮ್ಮ ಮನೆಗೆ ಮತ್ತೆ ಗೋಧಿ ಬಂದದ್ದು

ನನ್ನ ಹೆಂಡತಿ ರತ್ನ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಒಂದು ಬುಧವಾರ. ಹಾಗಾಗಿ ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಎಂದರೆ ಅದರ ಹಿಂದಿನ ಮಂಗಳವಾರ. ಆ ದಿನ ನಾನೇನು ಮಾಡಿದೆ ಎಂದು ಎಷ್ಟು ಸಲ ನೆನಪಿಸಿಕೊಂಡರೂ ಸಿಗುವುದು ಒಂದೇ. ಚಪಾತಿಗೆ ಹೆಸರಿಟ್ಟೆ. "ಇದೇನೇ, ಚಪಾತಿ ಮಾಡು ಅಂದ್ರೆ ಹಪ್ಪಳ ಮಾಡಿದೀಯಾ?" ಅಂದೆ. ಅವಳು, "ಬಿಸಿ ಇದ್ದಾಗ ಕರೆದ್ರೆ ಬರಲ್ಲ, ಆಮೇಲೆ ಬಂದು ಹಪ್ಪಳ ಅಂತೀರ. ಟಿವಿ ಮುಂದಿಂದ ಏಳೋಕೆ ನಿಮಗೆ ಮುಹೂರ್ತ ಇಡಿಸ್ಬೇಕಾ?" ಅಂದಳು. ಆಮೇಲೆ ತಾನೂ ಎರಡು ಹಾಕಿಕೊಂಡು ತಿಂದಳು. ಅಷ್ಟೇ. ಅದು ಕೊನೆಯ ದಿನ ಎಂದು ಯಾರಾದರೂ ಹೇಳಿದ್ದರೆ ಇನ್ನೂ ಸ್ವಲ್ಪ ಒಳ್ಳೆಯ ಮಾತಾಡುತ್ತಿದ್ದೆನೇ ಎಂದರೆ, ಅದೂ ಅನುಮಾನ.

ಈ ಚಪಾತಿ ನಮ್ಮ ಮನೆಗೆ ಬಂದ ಕಥೆಯನ್ನು ಒಪ್ಪಿಕೊಂಡುಬಿಡಬೇಕು. ದೊಡ್ಡಬಳ್ಳಾಪುರದ ಕಡೆಯ ನಮ್ಮಂಥ ಊರುಗಳಲ್ಲಿ ರಾತ್ರಿ ಊಟ ಎಂದರೆ ಮುದ್ದೆ. ಆದರೆ ಶುಗರ್ ಬಂದವರು ಮುದ್ದೆ ಬಿಟ್ಟು ಚಪಾತಿ ತಿನ್ನಬೇಕು ಎಂದು ಊರೇ ತೀರ್ಮಾನ ಮಾಡಿಬಿಟ್ಟಿದೆ. ನನಗೆ ಶುಗರ್ ಬಂದಾಗ ಸತ್ಯ ಹೇಳಬೇಕೆಂದರೆ ಭಯಕ್ಕಿಂತ ಗತ್ತೇ ಹೆಚ್ಚಾಯಿತು. ಮದುವೆ ಮನೆಯಲ್ಲಿ ಪಾಯಸ ಬಡಿಸಲು ಬಂದವರಿಗೆ ಅಂಗೈ ಅಡ್ಡ ಹಿಡಿದು "ಬೇಡಪ್ಪ, ಶುಗರ್" ಎನ್ನುವಾಗ ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ನಲವತ್ತು ವರ್ಷ ಮುದ್ದೆ ನುಂಗಿದವನು ದಿನಾ ರಾತ್ರಿ ಚಪಾತಿಗೆ ಕೂತರೆ ಪಟ್ಟಣದವನಾದ ಹಾಗೆ. ರತ್ನ, "ಮೂರು ಜನರ ಮನೇಲಿ ಎರಡೆರಡು ಅಡುಗೆ ಯಾರು ಮಾಡ್ತಾರೆ" ಎಂದು ತಾನೂ ಚಪಾತಿಗೆ ಬಂದಳು. ಮಗಳು ಸುಮಾಳಿಗೂ ಅದೇ. ಒಂಬತ್ತು ವರ್ಷ ನನ್ನ ಕಾಯಿಲೆಯ ಊಟವನ್ನು ರತ್ನ ತಿಂದಳು.

ನಾನು ನಮ್ಮೂರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಸಂಜೆ ಊರಿನ ಅಷ್ಟೂ ಹಾಲಿನ ಫ್ಯಾಟು, ಡಿಗ್ರಿ ನೋಡುವವನು. ಯಾರ ಕ್ಯಾನಿಗೆ ಒಂದು ಚೊಂಬು ನೀರು ಬಿದ್ದಿದೆ ಎಂದು ಮೆಷಿನ್ನಿಗಿಂತ ಮೊದಲು ನನ್ನ ಕಣ್ಣಿಗೆ ಗೊತ್ತಾಗುತ್ತದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ಕಣ್ಣಿಗೆ ಹೆಂಡತಿಯ ಮುಖ ವರ್ಷದಿಂದ ವರ್ಷಕ್ಕೆ ಬಿಳಿಚಿಕೊಳ್ಳುತ್ತಿದ್ದದ್ದು ಕಾಣಲಿಲ್ಲ. ರಕ್ತ ಕಡಿಮೆ ಎಂದು ಆಶಾ ಕಾರ್ಯಕರ್ತೆ ಹೇಳಿದಾಗಲೆಲ್ಲ ಮಾತ್ರೆ, ಖರ್ಜೂರ, ನುಗ್ಗೆಸೊಪ್ಪು. ಹೊಟ್ಟೆ ಉಬ್ಬರಿಸುತ್ತದೆ ಎಂದರೆ ಗ್ಯಾಸು. ನಮ್ಮ ಕಡೆ ಕತ್ತಿನಿಂದ ಮಂಡಿಯವರೆಗೆ ಏನಾದರೂ ಅದು ಗ್ಯಾಸೇ. ಅವಳ ಹೊಟ್ಟೆ ಗುಡುಗುಡು ಎಂದರೆ "ಮಳೆ ಬರೋ ಹಂಗಿದೆ" ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಈಗ ಆ ತಮಾಷೆ ನೆನಪಾದರೆ ಯಾರೂ ಇಲ್ಲದಿದ್ದರೂ ತಲೆ ತಗ್ಗಿಸುತ್ತೇನೆ.

ಬುಧವಾರ ಬಚ್ಚಲಿನ ಮೆಟ್ಟಿಲಿಂದ ಬಿದ್ದಳು. ಮೆಟ್ಟಿಲು ಇದ್ದದ್ದೇ ಒಂದು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ವಯಸ್ಸೆಷ್ಟು?" ಅಂದರು. ನಲವತ್ತಾರು ಅಂದೆ. "ಮೂಳೆಗೆ ಕೇಳಿದ್ರೆ ಎಪ್ಪತ್ತು ಅನ್ನತ್ತಲ್ರೀ" ಅಂದರು. ಆಪರೇಷನ್ ಆಯಿತು. ಆಸ್ಪತ್ರೆಗೆ ನೋಡಲು ಬರುವವರು ಬರಿಗೈಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಬಂದವರೆಲ್ಲ ತಂದದ್ದು ಬ್ರೆಡ್ಡು, ಬನ್ನು, ರಸ್ಕು. ನಂದಗುಡಿಯಿಂದ ನಮ್ಮಕ್ಕ ಗೌರಕ್ಕ ಬಂದು ನಾಲ್ಕು ಬ್ರೆಡ್ಡು ಇಟ್ಟು, "ತಿನ್ನವ್ವ, ತಿಂದ್ರೆ ತಾನೇ ಮೂಳೆ ಕೂಡೋದು" ಎಂದು ಹಾಲಿನಲ್ಲಿ ನೆನೆಸಿ ತಾನೇ ತಿನ್ನಿಸಿದಳು. ಮಂಚದ ಪಕ್ಕದ ಗೂಡಿನಲ್ಲಿ ಬೇಕರಿಯೇ ಎದ್ದಿತು. ಉಳಿದದ್ದನ್ನು ಪಕ್ಕದ ಮಂಚಕ್ಕೆ ಕೊಡೋಣವೆಂದರೆ ಅಲ್ಲೂ ಅಷ್ಟೇ ಇತ್ತು. ತಿಂದಷ್ಟೂ ರತ್ನಳಿಗೆ ಭೇದಿ. ಆಸ್ಪತ್ರೆಯ ನೀರು ಒಗ್ಗುತ್ತಿಲ್ಲ ಎಂದು ನಾವು ಮನೆಯಿಂದ ನೀರು ಹೊತ್ತೆವು.

ಇಷ್ಟು ವಯಸ್ಸಿಗೆ ಇಂಥ ಮೂಳೆ, ಇಷ್ಟು ಕಡಿಮೆ ರಕ್ತ, ಜೊತೆಗೆ ಹೊಟ್ಟೆ ಕೇಡು. ಮೂರನ್ನೂ ಸೇರಿಸಿ ನೋಡಿದವರು ಆ ಮೂಳೆ ಡಾಕ್ಟರೇ. ಅವರು ಬೆಂಗಳೂರಿನ ಹೊಟ್ಟೆ ಡಾಕ್ಟರ ಹತ್ತಿರ ಕಳಿಸಿದರು. ರಕ್ತ ತೆಗೆದರು, ಬಾಯಿಂದ ಕೊಳವೆ ಬಿಟ್ಟು ಕರುಳಿನ ಚೂರು ತೆಗೆದರು. ಸೀಲಿಯಾಕ್ ಅಂದರು. ಗೋಧಿ ಒಗ್ಗದ ದೇಹ. ತಿಂದಾಗಲೆಲ್ಲ ಕರುಳಿನ ಒಳಪದರ ಸವೆಯುತ್ತದೆ, ಸವೆದ ಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ; ಕಬ್ಬಿಣ ಹತ್ತದೆ ರಕ್ತ ಇಳಿದಿದೆ, ಸುಣ್ಣ ಹತ್ತದೆ ಮೂಳೆ ಟೊಳ್ಳಾಗಿದೆ. ಔಷಧಿ ಒಂದೇ, ಜೀವನಪೂರ್ತಿ ಗೋಧಿ, ಮೈದಾ, ರವೆ, ಬಾರ್ಲಿ ಬಿಡುವುದು. "ರಾಗಿ, ಅಕ್ಕಿ, ಜೋಳ ಧಾರಾಳವಾಗಿ ತಿನ್ನಿ" ಅಂದರು. ರತ್ನ ಹೊರಗೆ ಬಂದು ಗೋಡೆ ಹಿಡಿದು ನಿಂತು ನಕ್ಕಳು. "ಮುದ್ದೆ ತಿನ್ನು ಅಂತ ಹೇಳೋಕೆ ಇಷ್ಟು ಓದಿರೋ ಡಾಕ್ಟ್ರು ಬೇಕಾಯ್ತಾ?" ಅಂದಳು. ನಾನೂ ನಕ್ಕೆ. ಇದು ರಕ್ತ ಸಂಬಂಧದಲ್ಲಿ ಬರಬಹುದು, ಮಗಳಿಗೂ ಪರೀಕ್ಷೆ ಮಾಡಿಸಿ ಎಂದೂ ಡಾಕ್ಟರು ಹೇಳಿದ್ದರು. ಅದು ನನಗೆ ಬಸ್ ಸ್ಟಾಂಡು ಬರುವಷ್ಟರಲ್ಲಿ ಮರೆತುಹೋಗಿತ್ತು. ರತ್ನ ಮರೆಯಲಿಲ್ಲ. "ಸುಮಂದು ಯಾವಾಗ ಮಾಡಿಸ್ತೀರ?" ಎಂದು ತಿಂಗಳಿಗೊಮ್ಮೆಯಾದರೂ ಕೇಳುವಳು. "ಮೊದಲು ನಿಂದು ಸರಿಹೋಗ್ಲಿ" ಎನ್ನುವೆ.

ಮನೆಯಿಂದ ಗೋಧಿ ಹೋಯಿತು. ಲಟ್ಟಣಿಗೆ ಅಟ್ಟ ಸೇರಿತು. ಸುಮಾ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾಳೆ. ಅವಳು ಅಲ್ಲಿಯ ಕ್ಯಾಂಟೀನಿನಲ್ಲೂ ಪೂರಿ ಮುಟ್ಟುವುದನ್ನು ಬಿಟ್ಟಳು, ಅಮ್ಮನಿಗಿಲ್ಲದ್ದು ನನಗ್ಯಾಕೆ ಎಂದು. ರತ್ನಳ ಮೈ ತುಂಬತೊಡಗಿತು. ಆದರೆ ರಕ್ತ ಪರೀಕ್ಷೆಯಲ್ಲಿ ಆ ಕಾಯಿಲೆಯ ಅಂಕಿ ಇಳಿಯಬೇಕಾದಷ್ಟು ಇಳಿಯಲಿಲ್ಲ. "ಎಲ್ಲೋ ಗೋಧಿ ಸೇರ್ತಿದೆ, ಹುಡುಕಿ" ಅಂದರು ಡಾಕ್ಟರು. ಹುಡುಕುವುದು ಎಂದರೆ ನನ್ನ ಕಸುಬು. ಮೊದಲು ಸಿಕ್ಕಿದ್ದು ಮಿಲ್ಲು. ನಮ್ಮೂರಿನ ಮಿಲ್ಲಿನಲ್ಲಿ ಖಾರದ ಪುಡಿಗೆ ಒಂದು ಮಿಷನ್ನು, ಮಿಕ್ಕಿದ್ದಕ್ಕೆಲ್ಲ ಒಂದೇ. ಯಾರದೋ ಗೋಧಿಯ ಹಿಂದೆಯೇ ನಮ್ಮ ರಾಗಿ ಬೀಳುತ್ತಿತ್ತು. ಮಿಷನ್ನು ಒರೆಸಿ ಮೊದಲ ಸರದಿಯಲ್ಲಿ ನಮ್ಮದು ಹಾಕು ಎಂದದ್ದಕ್ಕೆ ಮಿಲ್ಲಿನ ಚಂದ್ರಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನ್ ಟೆಸ್ಟರ್ ಸಾರ್, ಖಾರಕ್ಕೆ ಬೇರೆ ಮಿಷನ್ ಅಂದ್ರೆ ಸರಿ. ಗೋಧಿ ಏನ್ ಮಾಡ್ತು ನಿಮಗೆ? ರಾಗಿಗೂ ಮಡಿನಾ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಸೋಮವಾರ ಬೆಳಿಗ್ಗೆ ಎಂದು ಒಪ್ಪಂದವಾಯಿತು. ಮೊದಲು ನಮ್ಮದೇ ಎರಡು ಸೇರು ಅಕ್ಕಿ ಹಾಕಿ ಮಿಷನ್ನು ತೊಳೆದಂತೆ ಮಾಡುವುದು, ಆ ಹಿಟ್ಟು ನಮ್ಮ ಮನೆಯ ಹಸುವಿಗೆ, ಆಮೇಲೆ ರಾಗಿ. ಹಸು ಆ ಹಿಟ್ಟಿಗೆ ಎಷ್ಟು ಹೊಂದಿಕೊಂಡಿತೆಂದರೆ ಸೋಮವಾರವನ್ನು ಗುರುತು ಹಿಡಿಯತೊಡಗಿತು. "ಟೆಸ್ಟರ್ ಮನೆ ಹಾಲಿಗೆ ಮಾತ್ರ ಫ್ಯಾಟು ಏರ್ತದೆ ನೋಡ್ರಪ್ಪ" ಎಂದು ಡೈರಿಯಲ್ಲಿ ಗುಸುಗುಸು ಹಬ್ಬಿತು.

ಎರಡನೆಯದನ್ನು ಹಿಡಿದವಳು ಸುಮಾ. ಇಂಗಿನ ಡಬ್ಬಿಯ ಮೇಲಿನ ಇರುವೆ ಗಾತ್ರದ ಅಕ್ಷರವನ್ನು ಓದಿ, "ಅಪ್ಪಾ, ಇದರಲ್ಲಿ ಗೋಧಿ ಹಿಟ್ಟು ಬೆರೆಸಿದಾರೆ" ಅಂದಳು. ಹೊಟ್ಟೆ ಉಬ್ಬರಕ್ಕೆ ಒಳ್ಳೆಯದೆಂದು ರತ್ನ ದಿನಕ್ಕೆರಡು ಸಲ ಮಜ್ಜಿಗೆಗೆ ಅದೇ ಇಂಗು ಹಾಕಿಕೊಂಡು ಕುಡಿಯುತ್ತಿದ್ದಳು. ಅವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಎಷ್ಟು ಭಕ್ತಿಯಿಂದ ಕುಡಿದಿದೀನಿ ನಾನು!"

ಆಮೇಲೆ ಅಂಕಿ ಇಳಿಯಿತು. ಕೋಲು ಬಿಟ್ಟು ನಡೆದಳು. ಹಳೆಯ ಬಳೆ ಬಿಗಿಯಾಗಿ ದೊಡ್ಡ ಅಳತೆಯದು ತೊಟ್ಟಳು. ನೆಂಟರ ಮನೆಗೆ ಹೋದರೆ ಮಾತ್ರ ತನ್ನ ಊಟದ ಡಬ್ಬಿ ಜೊತೆಗೆ. ಒಂದು ಯುಗಾದಿಗೆ ನಂದಗುಡಿಗೆ ಹೋಗಿದ್ದೆವು. ಎಲ್ಲರೂ ಒಬ್ಬಟ್ಟಿನ ಊಟಕ್ಕೆ ಕೂತಾಗ ಇವಳು ಡಬ್ಬಿ ಬಿಚ್ಚಿದಳು. ಗೌರಕ್ಕ ಸೌಟು ಹಿಡಿದು ನಿಂತೇ ಬಿಟ್ಟಳು. "ನನ್ ಕೈಯಡ್ಗೇಲಿ ವಿಷ ಐತೇನವ್ವ? ಆಸ್ಪತ್ರೇಲಿ ಇದೇ ಕೈಲಿ ತಾನೇ ತಿನ್ಸಿದ್ದು?" ಅವಳ ಕಣ್ಣಲ್ಲಿ ನೀರೂ ಬಂತು. ನನಗೆ ಪಂಕ್ತಿಯ ಅಷ್ಟೂ ಕಣ್ಣು ನಮ್ಮ ಮೇಲೆ ಬಿದ್ದದ್ದು ಸಹಿಸಲಾಗಲಿಲ್ಲ. "ಅರ್ಧ ತಿನ್ನು, ಏನೂ ಆಗಲ್ಲ. ಅಕ್ಕ ಬೇಜಾರು ಮಾಡ್ಕೋತಾಳೆ" ಅಂದೆ. ರತ್ನ ನನ್ನ ಮುಖ ನೋಡಿದಳು. ತಿಂದಳು. ಮೂರು ದಿನ ಮಲಗಿದಳು. ಟಿವಿ ಮುಂದಿಂದ ಏಳಲಿಲ್ಲ ಎನ್ನುವುದನ್ನೂ ಆರು ತಿಂಗಳು ಎತ್ತಿ ಆಡುವವಳು, ಆ ಅರ್ಧ ಒಬ್ಬಟ್ಟಿನ ಮಾತನ್ನು ಒಂದು ಸಲವೂ ಎತ್ತಲಿಲ್ಲ.

ಅದಾಗಿ ಬಹಳ ತಿಂಗಳ ನಂತರ ಅವಳಿಗೆ ಹೊಟ್ಟೆ ನೋವು ಶುರುವಾಯಿತು. ಬಳೆ ಮತ್ತೆ ಸಡಿಲವಾಯಿತು. ಈ ಸಲ ಮಿಲ್ಲು, ಇಂಗು ಯಾವುದೂ ಅಲ್ಲ. ಸ್ಕ್ಯಾನಿನಲ್ಲಿ ಸಣ್ಣ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಐದು ತಿಂಗಳು ಆಸ್ಪತ್ರೆ, ಮನೆ ಎಂದು ಓಡಾಡಿದೆವು. ಕೊನೆಕೊನೆಗೆ ಅವಳಿಗೆ ಮುದ್ದೆಯೂ ಇಳಿಯುತ್ತಿರಲಿಲ್ಲ, ಗಂಜಿಯೂ ಇಳಿಯುತ್ತಿರಲಿಲ್ಲ. ಆಗಲೂ, "ಸುಮಂದು ಮಾಡಿಸಿ. ಏನ್ ಬಂತು ಅಂತ ನನಗೆ ಹೇಳಿ" ಎಂದಳು. ಆಯ್ತು ಅಂದೆ. ಮಾಡಿಸುವ ಮೊದಲೇ ಅವಳು ಹೋದಳು.

ಅವಳ ಆಸ್ಪತ್ರೆಯ ಕಾಗದಪತ್ರಕ್ಕೆಂದು ಬೆಂಗಳೂರಿಗೆ ಹೋದಾಗ ಹೊಟ್ಟೆ ಡಾಕ್ಟರನ್ನು ಕೇಳಿಯೇಬಿಟ್ಟೆ. "ಸಾರ್, ಯುಗಾದೀಲಿ ಅರ್ಧ ಒಬ್ಬಟ್ಟು ನಾನೇ ತಿನ್ನಿಸಿದೆ. ಅದರಿಂದಾನಾ?" ಅವರು ಇಲ್ಲ ಅಂದರು. ಬಹಳ ವರ್ಷ ಕಾಯಿಲೆ ಗೊತ್ತಾಗದೆ ಉಳಿದವರಲ್ಲಿ ಅಪರೂಪಕ್ಕೆ ಹೀಗಾಗುತ್ತದೆ ಅಂದರು. ಎಷ್ಟು ವರ್ಷ ಅಂದೆ. ಹೇಳಲಾಗದು ಅಂದರು. ಹಾಗಾದರೆ ನನ್ನ ಒಂಬತ್ತು ವರ್ಷದ ಚಪಾತಿಯ ಪಾಲು ಎಷ್ಟು ಅಂದೆ. ನಾನು ಮೂವತ್ತು ವರ್ಷದಿಂದ ಮೆಷಿನ್ನಿಗೆ ಹಾಲು ಹಾಕಿ ಅಂಕಿ ಓದಿದವನು, ಅಂಕಿ ಇಲ್ಲದ ಉತ್ತರ ನನಗೆ ಅರ್ಥವಾಗುವುದಿಲ್ಲ. ಅವರು, "ಮಗಳಿಗೆ ಟೆಸ್ಟ್ ಮಾಡಿಸಿದ್ರಾ?" ಅಂದರು.

ಸುಮಾಳನ್ನು ಹೊರಡಿಸಲು ಮತ್ತೆ ಮೂರು ತಿಂಗಳು ಹಿಡಿಯಿತು. ಕಾರ್ಖಾನೆಯ ಆರೋಗ್ಯ ಶಿಬಿರದಲ್ಲಿ ಅವಳಿಗೂ ರಕ್ತ ಕಡಿಮೆ ಎಂದು ಚೀಟಿ ಕೊಟ್ಟಿದ್ದರು. "ಇದ್ರೆ ಇರ್ಲಿ ಬಿಡಪ್ಪ. ಹೇಗಿದ್ರೂ ಗೋಧಿ ತಿಂತಿಲ್ವಲ್ಲ" ಎನ್ನುತ್ತಿದ್ದಳು. ಹೆದರಿಕೆ ಅವಳಿಗೂ ಇತ್ತು, ನನಗೂ ಇತ್ತು, ಆದ್ದರಿಂದ ಹೆಚ್ಚು ಒತ್ತಾಯಿಸಲಿಲ್ಲ. ಅಂತೂ ಹೋದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಈಗ ಗೋಧಿ ತಿಂತಾ ಇದೀರಾ?" ಇಲ್ಲ, ವರ್ಷಗಳಿಂದ ಮುಟ್ಟಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಹಾಗಾದರೆ ಈ ಪರೀಕ್ಷೆಯನ್ನು ನಂಬುವಂತಿಲ್ಲ ಅಂದರು. ಕಾಯಿಲೆ ಇದ್ದರೂ ಗೋಧಿ ತಿನ್ನದವರ ರಕ್ತದಲ್ಲಿ ಅದು ಕಾಣಿಸದೆ ಹೋಗಬಹುದಂತೆ. ಒಂದೂವರೆ ತಿಂಗಳು ದಿನಾ ಗೋಧಿ ತಿಂದು ಆಮೇಲೆ ಬರಬೇಕಂತೆ. ಬೇಡವೆಂದರೆ ಹೀಗೇ ಇರಬಹುದು, ಆದರೆ ಖಚಿತವಾಗಿ ಗೊತ್ತಾಗದು. ನಾನು ಬೇಡವೇ ಬೇಡ ಎಂದು ಎದ್ದೆ. ಸುಮಾ ಕೂತೇ ಇದ್ದಳು. "ಗೊತ್ತಾಗ್ಲಿ ಅಪ್ಪ. ಅಮ್ಮ ಹೋಗಿದ್ದು ಗೊತ್ತಾಗದೇ ತಾನೇ" ಅಂದಳು.

ಹೀಗೆ, ಒಂದೊಂದು ಕಾಳು ಗೋಧಿಯನ್ನೂ ಹುಡುಕಿ ಮನೆಯಿಂದ ಓಡಿಸಿದ ನಾನು ಐದು ಸೇರು ಗೋಧಿ ಚೀಲಕ್ಕೆ ಹಾಕಿಕೊಂಡು ಮಿಲ್ಲಿಗೆ ಹೋದೆ. ಚೀಲದ ಬಾಯಿ ಬಿಚ್ಚಿ ನೋಡಿದ ಚಂದ್ರಣ್ಣ ಮಿಷನ್ನು ನಿಲ್ಲಿಸಿದ. "ಏನ್ ಸಾರ್ ಇದು? ಎರಡು ವರ್ಷ ನನ್ ಪ್ರಾಣ ತಿಂದ್ರಿ. ಈಗ ಇದಾ?" ಮಗಳಿಗೆ ತಿನ್ನಿಸಬೇಕು, ಪರೀಕ್ಷೆಗೆ ಅಂದೆ. ತಮಾಷೆಗೆ ಹೆಸರಾದ ಮನುಷ್ಯ ಗೋಧಿ ಬೀಸಿ, ತಾನೇ ಚೀಲ ಕಟ್ಟಿ ಕೊಟ್ಟ. ಹೊರಡುವಾಗ, "ಇನ್ಮೇಲೂ ಸೋಮವಾರ ಮೊದಲ ಸರದಿ ನಿಮ್ದೇ ಸಾರ್. ಹೇಳ್ಬೇಕಾಗಿಲ್ಲ" ಅಂದ.

ಚಪಾತಿ ಮಾಡುವುದು ನನಗೆ ಬರುತ್ತಿರಲಿಲ್ಲ. ಒಂಬತ್ತು ವರ್ಷ ತಿಂದು ಹೆಸರಿಟ್ಟವನಿಗೆ ಹಿಟ್ಟಿಗೆ ಎಷ್ಟು ನೀರು ಎನ್ನುವುದು ಗೊತ್ತಿರಲಿಲ್ಲ. ಮೊದಲ ದಿನ ಕೈಗೆ ಅಂಟಿದ್ದೇ ಹೆಚ್ಚು. ಹೆಂಚಿಗೆ ಬಿದ್ದದ್ದು ಹಸುವಿನ ಕಿವಿಯ ಆಕಾರಕ್ಕೆ ಬಂತು. ಸುಮಾ ಎರಡು ಕೈಯಲ್ಲಿ ಎಳೆದು ಹರಿದು, "ಅಪ್ಪಾ, ಇದನ್ನ ತಿಂದು ನನಗೇನಾದ್ರೂ ಆದ್ರೆ ಅದು ಗೋಧಿಯಿಂದ ಅಂತ ಹೇಳೋಕಾಗಲ್ಲ ಕಣಪ್ಪ" ಅಂದಳು. ಒಂದೂವರೆ ತಿಂಗಳು ನಾನು ಎದುರಿಗೆ ಕೂತು ಅವಳು ನುಂಗುವುದನ್ನೇ ನೋಡಿದೆ. ತೇಗಿದರೆ ನೋವೇ ಎನ್ನುವೆ, ಹೊಟ್ಟೆಯ ಮೇಲೆ ಕೈಯಿಟ್ಟರೆ ಉಬ್ಬರವೇ ಎನ್ನುವೆ. "ಹಿಂಗೆ ನೋಡಿದ್ರೆ ಆರೋಗ್ಯವಂತರಿಗೂ ಅಜೀರ್ಣ ಆಗತ್ತೆ, ಆ ಕಡೆ ತಿರುಗು" ಎಂದು ಬೈಯುವಳು. ನಾನು ಮಾತ್ರ ಮುದ್ದೆಯಲ್ಲೇ ಉಳಿದೆ. ಮುದ್ದೆಗೆ ವಾಪಸು ಬಂದ ಮೇಲೆ ನನ್ನ ಶುಗರ್ ಏರಲಿಲ್ಲ, ಇಳಿಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ರಕ್ತ ಕೊಟ್ಟು ಬಂದ ನಾಲ್ಕನೆಯ ಸಂಜೆ, ಡೈರಿಯಲ್ಲಿ ಸಾಲು ನಿಂತಿರುವಾಗ ಸುಮಾ ಫೋನು ಮಾಡಿದಳು. ರಿಪೋರ್ಟು ಬಂದಿದೆ, ಡಾಕ್ಟರಿಗೂ ತೋರಿಸಿದ್ದಾಯಿತು, ಸೀಲಿಯಾಕ್ ಇಲ್ಲ. ರಕ್ತ ಕಡಿಮೆ ಇರುವುದು ಬೇರೆ ಕಾರಣಕ್ಕೆ, ಅದಕ್ಕೆ ಮಾತ್ರೆ ಸಾಕು. ನಾನು ಕನ್ನಡಕ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಅಂದು ಸಂಜೆ ನೀರು ಹಾಕಿ ತಂದವರಿಗೂ ಏನೂ ಅನ್ನಲಿಲ್ಲ. ಅದನ್ನು ಕಂಡು ಅವರೇ ಗಾಬರಿಯಾದರು. ಸಾಲಿನಲ್ಲಿದ್ದವರಿಗೆಲ್ಲ ಹೇಳಿದೆ. ಮಿಲ್ಲಿಗೆ ಹೋಗಿ ಚಂದ್ರಣ್ಣನಿಗೆ ಹೇಳಿದೆ. ನಂದಗುಡಿಗೆ ಫೋನು ಹಚ್ಚಿದೆ, ಗೌರಕ್ಕ ಅತ್ತಳು. ಮೂಳೆ ಡಾಕ್ಟರ ಆಸ್ಪತ್ರೆಗೂ ಫೋನು ಮಾಡಿ ಅಲ್ಲಿ ಎತ್ತಿದ ಹುಡುಗಿಗೆ ಹೇಳಿದೆ. ಅವಳಿಗೆ ನಾನು ಯಾರೆಂದೇ ಗೊತ್ತಾಗಲಿಲ್ಲ. ಏನು ಬಂತು ಎಂದು ಹೇಳಿ ಅಂದಿದ್ದವಳು ರತ್ನ. ಅವಳಿಗೆ ಹೇಳಿಲ್ಲ.